ಮೊದಲ ಸಾಲಿನಲ್ಲಿ ಯಾವ ಕಾಲೇಜು?

ಕಲಬುರಗಿಯ ಸೂಪರ್ ಮಾರ್ಕೆಟ್ ಹತ್ತಿರ ನನ್ನದೊಂದು ಆನ್‌ಲೈನ್ ಸೆಂಟರ್ ಇದೆ. ವರ್ಷವೆಲ್ಲ ಪಹಣಿ, ಜಾತಿ ಸರ್ಟಿಫಿಕೇಟ್, ಬೆಳೆ ವಿಮೆ. ಸಿಇಟಿ ರಿಸಲ್ಟ್ ಬಂದ ಮೇಲೆ ಮಾತ್ರ ಆಪ್ಶನ್ ಎಂಟ್ರಿಯದೇ ಕೆಲಸ, ಅಂದರೆ ಮಕ್ಕಳಿಗೆ ಬೇಕಾದ ಕಾಲೇಜು, ಕೋರ್ಸುಗಳನ್ನು ಸಾಲಾಗಿ ತುಂಬುವುದು.

ಕೆಲವು ವರ್ಷಗಳ ಹಿಂದೆ ಆಳಂದ ಕಡೆಯ ರೈತರೊಬ್ಬರು ಮಗಳನ್ನು ಕರೆದುಕೊಂಡು ಬಂದರು. ಹುಡುಗಿ ತನಗೆ ಬೇಕಾದ ಕಾಲೇಜುಗಳನ್ನು ನೋಟ್‌ಬುಕ್ ಹಾಳೆಯಲ್ಲಿ ಬರೆದುಕೊಂಡಿದ್ದಳು. ಮೊದಲನೆಯದು ಬೆಂಗಳೂರಿನ ಯುವಿಸಿಇ ಇಂಜಿನಿಯರಿಂಗ್ ಕಾಲೇಜು, ಸಿವಿಲ್. ಅದರ ಕೆಳಗೆ ಎರಡು ಗೆರೆ ಎಳೆದಿದ್ದಳು. ನಾನು ಹಿಂದಿನ ವರ್ಷದ ಕಟ್‌ಆಫ್, ಅಂದರೆ ಎಷ್ಟನೇ ರ್‍ಯಾಂಕಿನವರೆಗೆ ಸೀಟು ಸಿಕ್ಕಿತ್ತು ಅನ್ನೋ ಪಟ್ಟಿ ತೆಗೆದು ನೋಡಿ, "ಇದು ಸಿಗಂಗಿಲ್ಲವ್ವ" ಅಂದೆ. ಅವರಪ್ಪ, "ಸರ, ಸಿಗೋದೇ ಮೊದ್ಲ ಹಾಕ್ರಿ. ಸೀಟ್ ಕೈ ಬಿಟ್ಟು ಹೋಗಬಾರ್ದು" ಅಂದರು. ಹಾಗೇ ಮಾಡಿದೆ. ನಮ್ಮೂರ ಪಿಡಿಎ ಇಂಜಿನಿಯರಿಂಗ್ ಕಾಲೇಜು ಮೊದಲಿಗೆ, ಯುವಿಸಿಇ ಐದನೆಯ ಸಾಲಿಗೆ. ಮೊದಲ ಸುತ್ತಿನಲ್ಲೇ ಪಿಡಿಎ ಬಂತು.

ಪಿಡಿಎ 1958ರಿಂದ ಇರುವ ಕಾಲೇಜು. ನಮ್ಮ ಭಾಗದ ಎಷ್ಟೋ ಇಂಜಿನಿಯರುಗಳು ಅಲ್ಲಿ ಓದಿದವರೇ. ಆದರೆ ಆ ಹುಡುಗಿ ಕೇಳಿದ್ದು ಅದಲ್ಲ.

ಆ ವರ್ಷದ ಕಟ್‌ಆಫ್ ಬಂದ ಮೇಲೆ ಅವಳೇ ಮೊಬೈಲ್ ಹಿಡಿದು ಬಂದಳು. "ಸರ, ನೀವು ಬ್ಯಾರೆ ಪಟ್ಟಿ ನೋಡಿದ್ರಿ." ಸಿಟ್ಟು ಮಾಡಲಿಲ್ಲ, ಅಷ್ಟೇ ಹೇಳಿದಳು. ನಾನು ನೋಡಿದ್ದು 2ಎ ವರ್ಗದ ಸಾಮಾನ್ಯ ಕಾಲಂ, 2ಎಜಿ. ನೋಡಬೇಕಿದ್ದದ್ದು ಎಚ್‌ಕೆ, ಅಂದರೆ ನಮ್ಮ ಹೈದರಾಬಾದ್ ಕರ್ನಾಟಕ (ಈಗಿನ ಕಲ್ಯಾಣ ಕರ್ನಾಟಕ) ಭಾಗದವರ ಪಟ್ಟಿಯ 2ಎಎಚ್. ಅದರಲ್ಲಿ ಅವಳ ರ್‍ಯಾಂಕಿಗೆ ಯುವಿಸಿಇ ಸಿಗುತ್ತಿತ್ತು. ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ನಮ್ಮ ಭಾಗಕ್ಕೆ ವಿಶೇಷ ಮೀಸಲಾತಿ ಕೊಡುವ ಕಲಂ 371(ಜೆ) ಬಂದದ್ದು 98ನೇ ಸಂವಿಧಾನ ತಿದ್ದುಪಡಿಯಿಂದ. ನಮ್ಮ ಭಾಗದ ಕಾಲೇಜುಗಳಲ್ಲಿ ನಮ್ಮ ಮಕ್ಕಳಿಗೆ ಶೇ 70 ಮೀಸಲು ಅಂತ ಎಲ್ಲರಿಗೂ ಗೊತ್ತು. ಬೆಂಗಳೂರು, ಮೈಸೂರು ಕಡೆಯೂ ಶೇ 8 ಇದೆ ಅನ್ನೋದು ಜಾಸ್ತಿ ಜನರಿಗೆ ಗೊತ್ತಿಲ್ಲ. ಅದಕ್ಕೇ ಸಿಇಟಿ ನಡೆಸಿ ಸೀಟು ಹಂಚುವ ಕೆಇಎ ಎಚ್‌ಕೆ ಕಟ್‌ಆಫ್ ಬೇರೆ ಕೊಡುತ್ತದೆ. ಆದರೆ ಅಸಿಸ್ಟೆಂಟ್ ಕಮಿಷನರ್ ಕಚೇರಿಯ 371(ಜೆ) ಸರ್ಟಿಫಿಕೇಟ್ ಕೈಯಲ್ಲಿರಬೇಕು. ಸಿಇಟಿ ಅರ್ಜಿ ತುಂಬುವಾಗಲೇ ಅದನ್ನು ತೋರಿಸಿರಬೇಕು. ಆಪ್ಶನ್ ಎಂಟ್ರಿ ಹೊತ್ತಿಗೆ ಓಡಾಡಿದರೆ ಆಗುವ ಕೆಲಸ ಅಲ್ಲ ಅದು.

ಇನ್ನೊಂದು ತಪ್ಪು, ಸಾಲಿನದು. ಇದು ಕಾಲಂ ತಪ್ಪಿಗಿಂತ ದೊಡ್ಡದು. ಕಷ್ಟದ ಕಾಲೇಜು ಮೇಲೆ ಹಾಕಿದರೆ ಕೆಳಗಿನದೂ ಹೋಗುತ್ತೆ ಅಂತ ಜನ ಹೆದರುತ್ತಾರೆ. ಹಾಗಾಗುವುದಿಲ್ಲ. ಸೀಟು ಹಂಚುವಾಗ ರ್‍ಯಾಂಕ್ ಪ್ರಕಾರ ಒಬ್ಬೊಬ್ಬರ ಪಟ್ಟಿಯನ್ನೂ ಮೇಲಿಂದ ಕೆಳಗೆ ನೋಡುತ್ತಾ ಹೋಗುತ್ತಾರೆ. ಮೊದಲನೆಯದು ಸಿಗದಿದ್ದರೆ ಎರಡನೆಯದು. ನೀವು ಯಾವುದನ್ನು ಎಷ್ಟನೇ ಸಾಲಿನಲ್ಲಿ ಹಾಕಿದ್ದೀರಿ ಅಂತ ಆ ಕಾಲೇಜು ಸಿಗುವ ಅವಕಾಶ ಕಡಿಮೆಯಾಗಲ್ಲ. ಒಂದು ಸಿಕ್ಕಿತು ಅಂದರೆ ಮಾತ್ರ ಅದರ ಕೆಳಗಿನ ಸಾಲುಗಳೆಲ್ಲ ಹೋದವು. ಆ ಹುಡುಗಿಯ ಯುವಿಸಿಇ ಹೋದದ್ದು ಹಾಗೆ. ಪಟ್ಟಿ ನೋಡದೆಯೇ ಅವಳ ಹಾಳೆಯ ಪ್ರಕಾರ ಹಾಕಿದ್ದರೂ ಸಾಕಿತ್ತು.

ಕೆಲವು ಕಾಲೇಜುಗಳಿಗೆ ಅನುದಾನಿತ, ಅನುದಾನರಹಿತ ಅಂತ ಎರಡು ಕೋಡ್ ಇರುತ್ತವೆ. ಫೀಸ್ ಬೇರೆ ಬೇರೆ. ಅದನ್ನೂ ನೋಡಿಕೊಳ್ಳಿ.

ಈಗ ನಾನು ಮೊದಲು ಕಂಪ್ಯೂಟರ್ ಮುಟ್ಟುವುದೇ ಇಲ್ಲ. ಮಗುವಿನ ಕೈಗೆ ಹಾಳೆ ಕೊಡುತ್ತೇನೆ. ರ್‍ಯಾಂಕ್ ಮರೆತು, ಬೇಕಾದದ್ದು ಮೇಲಿಂದ ಕೆಳಗೆ ಬರಿ ಅನ್ನುತ್ತೇನೆ. ಆಮೇಲೆ ಎಚ್‌ಕೆ ಕಟ್‌ಆಫ್ ಇಟ್ಟುಕೊಂಡು ಕೆಳಗೆ ಖಂಡಿತ ಸಿಗುವಂಥ ಕೆಲವು ಸೇರಿಸುತ್ತೇವೆ. ಮೇಲಿನದನ್ನು ಮುಟ್ಟುವುದಿಲ್ಲ. ನಿಜವಾದ ಹಂಚಿಕೆಗೆ ಮುಂಚೆ ಬಿಡುವ ಅಣಕು ಹಂಚಿಕೆ ಬಂದ ಮೇಲೆ ಇನ್ನೊಮ್ಮೆ ಕೂರುತ್ತೇವೆ. ಕೊನೆಗೆ ಪ್ರಿಂಟ್ ತೆಗೆದು, ಪ್ರತಿ ಸಾಲನ್ನೂ ಮಗುವೇ ಜೋರಾಗಿ ಓದಬೇಕು. ಸಿಕ್ಕರೆ ಹೋಗ್ತೀಯಾ ಅಂತ ಒಂದೊಂದಕ್ಕೂ ಕೇಳುತ್ತೇನೆ.

ಹೋದ ಸಲ ಜೇವರ್ಗಿಯ ಹುಡುಗನೊಬ್ಬ ಓದುತ್ತಾ ಆರನೇ ಸಾಲಿಗೆ ನಿಂತ. ಅಪ್ಪನ ಮುಖ ನೋಡಿದ. "ಇದು ನನಗ ಬ್ಯಾಡ್ರಿ, ಮಾವ ಹೇಳ್ಯಾರಂತ ಬರದೀನಿ" ಅಂದ. ಅಪ್ಪ ಸ್ವಲ್ಪ ಹೊತ್ತು ಸುಮ್ನಿದ್ದರು. "ತಗದುಬಿಡ್ರಿ ಸರ" ಅಂದರು.