ಬೀಡು ಕಬ್ಬಿಣಕ್ಕೆ ಅವಸರ ಆಗದು
ತುಮಕೂರು, ಜನವರಿ 18, 2024, ಗುರುವಾರ

ಪಾವಗಡದ ಕಡೆಯ ಎಣ್ಣೆ ಮಿಲ್ಲಿನವರು ಎಣ್ಣೆ ಹಿಂಡುವ ಯಂತ್ರ ಎಕ್ಸ್‌ಪೆಲ್ಲರಿನ ಗೇರ್‌ಬಾಕ್ಸ್ ಬಾಡಿಯನ್ನು ಗೂಡ್ಸ್ ಆಟೋದಲ್ಲಿ ಹಾಕಿಕೊಂಡು ಅಂತರಸನಹಳ್ಳಿಯ ನಮ್ಮ ವರ್ಕ್‌ಶಾಪಿಗೆ ಬಂದರು. ಬೇರಿಂಗ್ ಕೂರುವ ಜಾಗದಿಂದ ಕಾಲಿನ ಬೋಲ್ಟ್ ತೂತಿನ ಕಡೆಗೆ ಬಿರುಕು. ಯಾರೋ ಮೊದಲೇ ಸಾಮಾನ್ಯ ಉಕ್ಕಿನ ರಾಡಿನಲ್ಲಿ ವೆಲ್ಡಿಂಗ್ ಮಾಡಿದ್ದಾರೆ. ವೆಲ್ಡಿಂಗ್ ಹಾಗೆಯೇ ಇದೆ, ಅದರ ಮಗ್ಗುಲಲ್ಲೇ ಬೀಡು, ಅಂದರೆ ಎರಕದ ಕಬ್ಬಿಣ, ಮತ್ತೆ ಸೀಳಿದೆ.

ಇಂಥ ಕೆಲಸ ಕಂಡರೆ ನನಗೆ ಸಂಕಟವಾಗುತ್ತದೆ. ಬೀಡಿನಲ್ಲಿ ಶೇಕಡ 2.5ರಿಂದ 4ರಷ್ಟು ಇಂಗಾಲವಿದೆ, ಅದರ ಹೆಚ್ಚಿನ ಪಾಲು ಗ್ರಾಫೈಟ್ ಪದರಗಳಾಗಿ ಹರಡಿರುತ್ತದೆ. ಯಂತ್ರದ ಅದುರಾಟವನ್ನು ನುಂಗುವ ಗುಣ ಬರುವುದು ಅದರಿಂದಲೇ, ಎಳೆದಾಗ ಬಗ್ಗದೆ ಒಡೆಯುವುದೂ ಅದರಿಂದಲೇ. ಕರಗಿದ ಅಂಚು ಬೇಗ ತಣಿದರೆ ಗಾಜಿನಂತೆ ಗಡುಸಾದ ಬಿಳಿ ಬೀಡಾಗುತ್ತದೆ. ಉಕ್ಕಿನ ರಾಡು ಕುಗ್ಗುತ್ತ ಎಳೆದಾಗ ಮೊದಲು ಬಾಯಿ ಬಿಡುವುದು ಆ ಅಂಚೇ.

"ಮೇಸ್ತ್ರಿಗಳೇ, ಸಂಜೆಗೆ ಕೊಡುತ್ತೀರಾ? ಕಡಲೆಕಾಯಿ ಮೂಟೆಗಳು ಬಂದು ಬಿದ್ದಿವೆ" ಎಂದರು.

"ನಾಳೆ ಮಧ್ಯಾಹ್ನ ನೋಡೋಣ ಸ್ವಾಮಿ. ಅವಸರ ಮಾಡಿದ್ದಕ್ಕೇ ಅಲ್ಲವೇ ಇದು ವಾಪಸ್ ಬಂದದ್ದು?"

ಇಡೀ ಬಾಡಿಯನ್ನು 600 ಡಿಗ್ರಿಯವರೆಗೆ ನಿಧಾನವಾಗಿ ಕಾಯಿಸಿ, ವೆಲ್ಡಿಂಗ್ ಮಾಡಿ, ಬೂದಿಯಲ್ಲಿ ಹೂತು ತಣಿಸುವ ದಾರಿಯೂ ಇದೆ. ಆದರೆ ಬೇರಿಂಗ್ ಜಾಗ ಸೊಟ್ಟಗಾದರೆ ಮತ್ತೆ ಬೋರಿಂಗ್ ಮಾಡಿ ಒಳಸುತ್ತನ್ನು ಸರಿಪಡಿಸಬೇಕಾಗುತ್ತದೆ. ಹಾಗಾಗಿ ನಿಕ್ಕಲ್ ರಾಡಿನಲ್ಲಿ, ಬಾಡಿ ಕಾಯಿಸದೆ ತಣ್ಣಗೇ ವೆಲ್ಡಿಂಗ್ ಮಾಡುವುದೇ ಸರಿಯೆನಿಸಿತು.

ಹಳೆಯ ವೆಲ್ಡಿಂಗನ್ನು ಪೂರ್ತಿ ಅರೆದು ತೆಗೆಸಿದೆ. ವರ್ಷಗಟ್ಟಲೆ ಎಣ್ಣೆ ಕುಡಿದ ಬೀಡು, ಗ್ಯಾಸ್ ಉರಿ ತೋರಿಸಿದರೆ ಹೊಗೆ ನಿಲ್ಲಲೊಲ್ಲದು. ಆ ಹೊಗೆ ನಿಲ್ಲುವ ಮೊದಲೇ ರಾಡು ಮುಟ್ಟಿಸಿದರೆ ವೆಲ್ಡಿಂಗ್ ತುಂಬ ತೂತು ಬೀಳುತ್ತದೆ. ಆಮೇಲೆ ಸೀಮೆಎಣ್ಣೆ ಹಚ್ಚಿ, ಒರೆಸಿ, ಸೀಮೆಸುಣ್ಣದ ಪುಡಿ ಉಜ್ಜಿದೆವು. ಬಿರುಕಿನೊಳಗೆ ಉಳಿದ ಸೀಮೆಎಣ್ಣೆ ಹೊರಗೆ ಜಿನುಗಿ ಗೆರೆ ಬಿಡಿಸಿತು. ಕಣ್ಣಿಗೆ ಕಂಡದ್ದಕ್ಕಿಂತ ಬೆರಳುದ್ದ ಮುಂದೆ ಹೋಗಿತ್ತು! ಸರಿಯಾಗಿ ಆ ತುದಿಗೆ ಸಣ್ಣ ತೂತು ಕೊರೆದರೆ ಬಿರುಕು ಅಲ್ಲಿಗೆ ನಿಲ್ಲುತ್ತದೆ. ತುದಿ ತಪ್ಪಿದರೆ ಉಳಿದ ಕೆಲಸವೆಲ್ಲ ನೀರುಪಾಲು. ಈ ಪರೀಕ್ಷೆಗೆ ಖರ್ಚೇ ಇಲ್ಲ, ಆದರೂ ಎಷ್ಟು ಕಡೆ ಇದನ್ನು ಬಿಡುತ್ತಾರೆ!

ಬಿರುಕಿನ ಉದ್ದಕ್ಕೂ ವಿ ಆಕಾರದ ತೋಡು ಮಾಡಿ, ಒಮ್ಮೆಗೆ ಒಂದಂಗುಲ ಮಾತ್ರ ವೆಲ್ಡಿಂಗ್. ಬಿಸಿಯಿರುವಾಗಲೇ ಗುಂಡುತಲೆಯ ಸುತ್ತಿಗೆಯಿಂದ ಮೆಲ್ಲಗೆ ಬಡಿದರೆ ಕುಗ್ಗುವ ಎಳೆತ ಸಡಿಲವಾಗುತ್ತದೆ. ಕೈ ಇಡುವಷ್ಟು ತಣಿದ ಮೇಲೆ ಇನ್ನೊಂದು ಕಡೆಯಿಂದ ಮುಂದಿನ ಅಂಗುಲ. ವರ್ಕ್‌ಶಾಪಿನ ಹುಡುಗನಿಗೆ ಕಾಯುವುದೇ ಕಷ್ಟ, ಆದರೆ ಸುತ್ತಿಗೆಯ ಪೆಟ್ಟಿನ ಹದ ಅವನಿಗೆ ಸಿಕ್ಕಿದೆ, ಖುಷಿಯಾಯಿತು.

ನಡುವೆ ಒಬ್ಬರು ಬಿರುಕು ಬಿಟ್ಟ ಫ್ಲೈವೀಲ್, ಅಂದರೆ ಯಂತ್ರದ ಭಾರದ ಚಕ್ರ, ತಂದಿದ್ದರು, ಕೈ ಮುಗಿದು ಕಳುಹಿಸಿದೆ. ಜೋರಾಗಿ ತಿರುಗುವಾಗ ಅದು ಸಿಡಿದರೆ ಪಕ್ಕದಲ್ಲಿರುವವರ ಪ್ರಾಣಕ್ಕೇ ಕುತ್ತು. ಅದನ್ನು ಹೊಸದಾಗಿಯೇ ಹಾಕಿಸಬೇಕು.

ಗೇರ್‌ಬಾಕ್ಸ್ ಕಾಲಿನ ಅಡಿಭಾಗ ನೋಡಿದರೆ ಒಂದೇ ಮೂಲೆ ಸವೆದು ಹೊಳೆಯುತ್ತಿತ್ತು. ಕೆಳಗಿನ ಹಾಸು ಮಟ್ಟವಾಗಿಲ್ಲ, ಬೋಲ್ಟ್ ಬಿಗಿದಾಗಲೆಲ್ಲ ಬೀಡನ್ನು ಎಳೆದಿದ್ದಾರೆ. ಮಟ್ಟಗೋಲು ಇಟ್ಟು ಹಾಸು ಸರಿಮಾಡಿಸಿ, ಫೋಟೋ ಕಳುಹಿಸಲು ಮಿಲ್ಲಿನವರಿಗೆ ಹೇಳಿದ್ದೇನೆ. ಅದು ಬರುವವರೆಗೆ ಬಾಡಿ ಕೊಡುವುದಿಲ್ಲ.