ಅಕ್ಕಪಕ್ಕದ ಕಣಗಳನ್ನು ಲೆಕ್ಕಕ್ಕೆ ತಗೊಳ್ಳಿ

ಬಳ್ಳಾರಿಯಲ್ಲಿ ಕೂತು ಕಾಂತೀಯತೆ ಬಗ್ಗೆ ಏನು ಮಾಡೋಕಾಗುತ್ತೆ ಸಾರ್ ಅಂತ ಎಂಎಸ್ಸಿ ಹುಡುಗರು ಕೇಳುತ್ತಿರುತ್ತಾರೆ. ದುಬಾರಿ ಲ್ಯಾಬ್ ಇಲ್ಲ, ನಿಜ. ಪಕ್ಕದ ಸಂಡೂರಿನ ಕಬ್ಬಿಣದ ಅದಿರೂ ಹೆಚ್ಚಾಗಿ ಹೆಮಟೈಟ್, ಅದು ಇನ್ನೊಂದು ಬಗೆಯ ಕಬ್ಬಿಣದ ಅದಿರಾದ ಮ್ಯಾಗ್ನಟೈಟ್ ಥರ ಅಯಸ್ಕಾಂತಕ್ಕೆ ಜೋರಾಗಿ ಅಂಟಲ್ಲ. ಆದರೆ ನ್ಯಾನೋ ಕಣಗಳ ಸಾಲುಗಳನ್ನು ಸಿಮ್ಯುಲೇಶನ್‌ನಲ್ಲಿ ನೋಡೋಕೆ ಒಂದು ಲ್ಯಾಪ್‌ಟಾಪ್ ಸಾಕು.

ಕೆಲವು ನ್ಯಾನೋಮೀಟರ್‌ನ ಮ್ಯಾಗ್ನಟೈಟ್ ಕಣ ಇಡಿಯಾಗಿ ಒಂದೇ ಅಯಸ್ಕಾಂತ. ಶಾಖ ಅದರ ಕಾಂತ ದಿಕ್ಕನ್ನು ತಿರುಗಿಸುತ್ತಲೇ ಇರುತ್ತದೆ. ಎಷ್ಟು ಬೇಗ ಅನ್ನೋದನ್ನು ಫ್ರಾನ್ಸಿನ ಭೌತವಿಜ್ಞಾನಿ ಲೂಯಿ ನೀಲ್ 1949ರಲ್ಲೇ ಲೆಕ್ಕ ಹಾಕಿದರು. ತಿರುಗೋಕೆ ದಾಟಬೇಕಾದ ಶಕ್ತಿಯ ತಡೆ ಶಾಖದ ಶಕ್ತಿಯ 10 ಪಟ್ಟು ಇದ್ದರೆ ಸುಮಾರು 22 ಮೈಕ್ರೋಸೆಕೆಂಡ್ ಸಾಕು, ಅದೇ ಕಣದ ವ್ಯಾಸ ಎರಡರಷ್ಟಾದರೆ ಗಾತ್ರ ಎಂಟರಷ್ಟಾಗಿ, ತಡೆ ಶಾಖದ ಶಕ್ತಿಯ 80 ಪಟ್ಟಾಗಿ, ವಿಶ್ವದ ವಯಸ್ಸು ಕಳೆದರೂ ಅದು ತಾನಾಗಿ ತಿರುಗಲ್ಲ! ನನಗೆ ಈ ಲೆಕ್ಕ ಇವತ್ತಿಗೂ ಬೆರಗು.

ಇಷ್ಟಕ್ಕೇ ನಿಲ್ಲಿಸುವ ಪ್ರಾಜೆಕ್ಟುಗಳೇ ಜಾಸ್ತಿ. ಕಣಗಳನ್ನು ಹತ್ತಿರ ಜೋಡಿಸಿದ ಮೇಲೆ ಅಲ್ವಾ ಅಸಲಿ ವಿಷಯ ಶುರುವಾಗೋದು? ಹಿಂದೆ ಮುಂದೆ ನಿಂತ ಎರಡು ಕಣ ಒಂದೇ ದಿಕ್ಕಿಗೆ ತಿರುಗುತ್ತವೆ, ಅಕ್ಕಪಕ್ಕ ನಿಂತರೆ ವಿರುದ್ಧ ದಿಕ್ಕಿಗೆ. ಹಾಗಾಗಿ ಚೌಕ ಜೋಡಣೆಯನ್ನು ತಣ್ಣಗೆ ಮಾಡಿದರೆ ಒಂದು ಸಾಲು ಈ ಕಡೆ, ಪಕ್ಕದ ಸಾಲು ಆ ಕಡೆ, ಒಟ್ಟು ಕಾಂತತ್ವ ಸೊನ್ನೆ. ಅವೇ ಕಣಗಳನ್ನು ತ್ರಿಕೋನ ಜೋಡಣೆಯಲ್ಲಿಟ್ಟರೆ, ಕಣಗಳ ಈ ಹಾಳೆ ಸಾಕಷ್ಟು ದೊಡ್ಡದಿದ್ದರೆ, ಎಲ್ಲವೂ ಒಂದೇ ದಿಕ್ಕಿಗೆ ನಿಲ್ಲೋಕೆ ಒಪ್ಪುತ್ತವೆ. ಕಣ ಬದಲಾಗಿಲ್ಲ, ನಿಂತ ಜಾಗ ಬದಲಾಯಿತು, ಅಷ್ಟೇ.

ಇದನ್ನು ಲ್ಯಾಪ್‌ಟಾಪ್‌ನಲ್ಲಿ ನೋಡುವ ವಿಧಾನ ಸುಲಭ. 1953ರಲ್ಲಿ ಭೌತವಿಜ್ಞಾನಿ ನಿಕೋಲಸ್ ಮೆಟ್ರೊಪೊಲಿಸ್ ಮತ್ತು ಜೊತೆಯವರು ಕೊಟ್ಟದ್ದು. ಒಂದು ಕಣವನ್ನು ಸ್ವಲ್ಪ ತಿರುಗಿಸಿ. ಶಕ್ತಿ ಇಳಿದರೆ ಒಪ್ಪಿಕೊಳ್ಳಿ, ಏರಿದರೆ ತಾಪಮಾನಕ್ಕೆ ತಕ್ಕಂತೆ ಕೆಲವು ಸಲ ಮಾತ್ರ. ಇದನ್ನೇ ಲಕ್ಷಾಂತರ ಸಲ ಮಾಡುತ್ತಾ ತಾಪಮಾನ ನಿಧಾನ ಇಳಿಸಿ, ಅವಸರ ಮಾಡಿದರೆ ಕಣಗಳು ಅರೆಬರೆ ಜೋಡಣೆಯಲ್ಲೇ ಸಿಕ್ಕಿಬೀಳುತ್ತವೆ. ಲೆಕ್ಕ ಬೇಗ ಮುಗೀಲಿ ಅಂತ ದೂರದ ಕಣಗಳನ್ನು ಸುಮ್ನೆ ಕೈಬಿಡಬೇಡಿ, ಕಣಗಳು ಒಂದರ ಮೇಲೊಂದು ಬೀರುವ ಕಾಂತ ಪ್ರಭಾವ ದೂರದ ಘನಕ್ಕೆ ತಕ್ಕಂತೆ ಇಳಿಯುತ್ತದೆ ನಿಜ, ಆದರೆ ದೂರ ಹೋದಷ್ಟೂ ಕಣಗಳ ಸಂಖ್ಯೆ ಏರುತ್ತದೆ. ಇನ್ನೊಂದು ಮಾತು, ಇಲ್ಲಿನ ಹೆಜ್ಜೆಗಳು ಗಡಿಯಾರದ ಸೆಕೆಂಡುಗಳಲ್ಲ. ನಿಜವಾದ ಸಮಯ ಬೇಕಿದ್ದರೆ ಕಾಂತ ದಿಕ್ಕು ಕ್ಷಣಕ್ಷಣಕ್ಕೆ ಹೇಗೆ ಬದಲಾಗುತ್ತದೆ ಅಂತ ಹೇಳುವ ಲ್ಯಾಂಡೌ–ಲಿಫ್ಶಿಟ್ಜ್–ಗಿಲ್ಬರ್ಟ್ ಸಮೀಕರಣದಂಥದ್ದಕ್ಕೆ ಹೋಗಬೇಕು.

ಕ್ಯಾನ್ಸರ್ ಗಡ್ಡೆಯನ್ನು ಇಂಥ ಕಣಗಳಿಂದ ಬಿಸಿ ಮಾಡುವ ಚಿಕಿತ್ಸೆಯಲ್ಲೂ ಇದೇ ಪ್ರಶ್ನೆ ಬರುತ್ತದೆ, ಕಣಗಳು ಗುಂಪುಗೂಡಿದರೆ ಹುಟ್ಟುವ ಶಾಖ ಬದಲಾಗುತ್ತದೆ. ಪ್ರಾಜೆಕ್ಟ್ ಹುಡುಕುತ್ತಿರುವವರು ಮೊದಲು ಚೌಕ ಜೋಡಣೆ ಬರೆದು ನೋಡಿ, ಆಮೇಲೆ ಅದರಲ್ಲಿ ಅಲ್ಲಲ್ಲಿ ಒಂದೊಂದು ಕಣ ತೆಗೆದು, ಸಾಲುಗಳು ಎಲ್ಲಿ ಮುರಿಯುತ್ತವೆ ಅಂತ ಗಮನಿಸಿ. ಕೋಡ್‌ನಲ್ಲಿ ಸಿಕ್ಕಿಕೊಂಡರೆ ನನಗೆ ಬರೆಯಿರಿ, ಕೂತು ನೋಡೋಣ.