ಮೋಟಿವೇಶನ್ ಎಲ್ಲಿಂದ ಬರುತ್ತೆ ಅಂತ ಕೇಳುವವರಿಗೆ

ಮೊನ್ನೆ ಮದುವೆ ಮನೆಯ ಪಂಕ್ತಿಯಲ್ಲಿ ಅತ್ತೆ ಮತ್ತೆ ಕೇಳಿದರು. ‘ಡಾಕ್ಟರ್ ಆದ ಮೇಲೂ ಎಂಡಿ ಓದೋದು ತುಂಬಾ ಕಷ್ಟ ಅಂತೆ. ಅಷ್ಟೊಂದು ಮೋಟಿವೇಶನ್ ಎಲ್ಲಿಂದ ಬಂತು ನಿಂಗೆ? ನಮ್ಮ ಹುಡುಗನಿಗೂ ಸ್ವಲ್ಪ ಹೇಳು.’ ಹುಡುಗ ಪಕ್ಕದ ಎಲೆಯ ಮುಂದೆ ಮೊಬೈಲ್ ನೋಡ್ತಾ ಕೂತಿದ್ದ. ಸ್ವಲ್ಪ ಹೇಳು ಅಂದ್ರೆ, ಉಪ್ಪಿನಕಾಯಿ ಥರ ಎಲೆ ತುದಿಗೆ ಬಡಿಸಬೇಕು.

ಎಲ್ಲಿಂದಲೂ ಬರಲಿಲ್ಲ. ಇದೇ ನನ್ನ ಉತ್ತರ. ಪದೇ ಪದೇ ಹೇಳಿ ಸಾಕಾಗಿದೆ, ಅದಕ್ಕೇ ಬರೆದಿಡುತ್ತಿದ್ದೇನೆ. ಬೆಳಿಗ್ಗೆ ರೌಂಡ್ಸ್ ಶುರುವಾಗುವ ಮೊದಲು ವಾರ್ಡಿನ ಅಷ್ಟೂ ಜನರ ಬಿಪಿ, ಶುಗರ್, ಯೂರಿನ್ ಔಟ್‌ಪುಟ್ ಬರೆದಿರಬೇಕು. ಅದಕ್ಕೆ ಬೇಕಾಗಿದ್ದು ಅಲಾರಂ ಮತ್ತು ಚೀಫ್ ಮೇಲಿನ ಭಯ. 1992ರ ಕೇಂದ್ರ ಸರ್ಕಾರದ ಆದೇಶದ ಪ್ರಕಾರ ರೆಸಿಡೆಂಟ್ ಡಾಕ್ಟರಿಗೆ, ಅಂದ್ರೆ ನಮ್ಮ ಥರ ಆಸ್ಪತ್ರೆಯಲ್ಲಿ ದುಡಿಯುತ್ತಲೇ ಓದುವವರಿಗೆ, ಸಾಮಾನ್ಯವಾಗಿ ವಾರಕ್ಕೆ 48 ಗಂಟೆ ಕೆಲಸ. 2024ರಲ್ಲಿ ರಾಷ್ಟ್ರೀಯ ವೈದ್ಯಕೀಯ ಆಯೋಗದ ಕಾರ್ಯಪಡೆ 74 ಗಂಟೆ ಮೀರಬಾರದು ಅಂದಿತು. ಮೂವತ್ತೆರಡು ವರ್ಷದಲ್ಲಿ ಅಂಕಿ 26 ಗಂಟೆ ಏರಿದೆ, ನಮ್ಮ ಆಸೆ ಅಷ್ಟೇ ಇಳಿದಿದೆ, ನೋಡಿ. ನಿದ್ದೆ ಇಲ್ಲದವರಿಗೆ ಮೋಟಿವೇಶನ್ ಬಗ್ಗೆ ಭಾಷಣ ಮಾಡಿಸುವವರನ್ನು ಕಂಡರೆ ನನಗೆ ಆಗುವುದಿಲ್ಲ.

ಅತ್ತೆ ಕೇಳಬೇಕಾಗಿದ್ದ ಪ್ರಶ್ನೆ ಬೇರೆ. ರಾತ್ರಿ ಎರಡು ಗಂಟೆಗೆ ಯಾರಿಗೆ ಫೋನ್ ಮಾಡಬಹುದಿತ್ತು ನೀನು?

ಫಸ್ಟ್ ಇಯರ್‌ನಲ್ಲಿ ಒಂದು ರಾತ್ರಿ ಹತ್ತೊಂಬತ್ತರ ಹುಡುಗಿಯೊಬ್ಬಳನ್ನು ಕರೆತಂದರು. ಶುಗರ್ ವಿಪರೀತ ಏರಿತ್ತು, ಏದುಸಿರು. ಡಿಕೆಎ, ಅಂದ್ರೆ ಇನ್ಸುಲಿನ್ ಸಾಲದೆ ರಕ್ತದಲ್ಲಿ ಆಮ್ಲ ಏರುವ ಸ್ಥಿತಿ. ಮನೆಯವರೆಲ್ಲ ‘ಇನ್ಸುಲಿನ್ ಕೊಡಿ’ ಅಂತ ಒಂದೇ ಸಮ. ರಿಪೋರ್ಟ್ ನೋಡಿದರೆ ಪೊಟ್ಯಾಸಿಯಂ 2.9. 3.3ಕ್ಕಿಂತ ಕಡಿಮೆ ಇದ್ದರೆ ಮೊದಲು ಪೊಟ್ಯಾಸಿಯಂ, ಆಮೇಲೆ ಇನ್ಸುಲಿನ್ ಅಂತ ನಾನು ಓದಿದ್ದೆ. ಇನ್ಸುಲಿನ್ ಮೊದಲು ಕೊಟ್ಟರೆ ರಕ್ತದಲ್ಲಿ ಉಳಿದಿರುವ ಪೊಟ್ಯಾಸಿಯಂ ಇನ್ನೂ ಇಳಿದು ಹೃದಯದ ಬಡಿತವೇ ತಪ್ಪಬಹುದು. ಪರೀಕ್ಷೆಯಲ್ಲಿ ಬರೆದಿದ್ದೆ ಕೂಡ. ಆದರೂ ಆರ್ಡರ್ ಬರೆಯಲು ಕೈ ಏಳಲಿಲ್ಲ.

ಫೋನ್ ಕೈಯಲ್ಲೇ ಇತ್ತು. ಹಿಂದಿನ ವಾರ ಒಬ್ಬ ಸೀನಿಯರ್‌ಗೆ ಹೀಗೇ ಫೋನ್ ಮಾಡಿದ್ದೆ. ಬೆಳಿಗ್ಗೆ ರೋಗಿಗಳ ಎದುರೇ, ‘ಇಷ್ಟೂ ಗೊತ್ತಿಲ್ವಾ? ಎಂಬಿಬಿಎಸ್ ಹೇಗೆ ಪಾಸಾದೆ?’ ಅಂದಿದ್ದರು. ಸುಮ್ನೆ ಐವಿ ಫ್ಲೂಯಿಡ್ ಓಡಿಸುತ್ತಾ ನಿಂತೆ. ಐದು ನಿಮಿಷವಾಯಿತು, ಹತ್ತಾಯಿತು. ಕೊನೆಗೆ ಸಿಸ್ಟರ್, ‘ಡಾಕ್ಟ್ರೇ, ನೀವು ಫೋನ್ ಮಾಡದಿದ್ರೆ ನಾನೇ ಮಾಡ್ತೀನಿ’ ಅಂದರು. ಅವರೇ ಇನ್ನೊಬ್ಬ ಸೀನಿಯರ್‌ಗೆ ಮಾಡಿದರು.

ಹವಾಯಿ ಚಪ್ಪಲಿಯಲ್ಲಿ ಬಂದರು ಅವರು. ರಿಪೋರ್ಟ್ ನೋಡಿ, ‘ಏನು ಮಾಡ್ಬೇಕು ಅಂತಿದ್ದೆ?’ ಅಂದರು. ಹೇಳಿದೆ. ‘ಸರಿಯಾಗೇ ಇದೆಯಲ್ಲ, ಹಾಕು.’ ಅಷ್ಟೇ. ಪೊಟ್ಯಾಸಿಯಂ ಏರಿ ಇನ್ಸುಲಿನ್ ಶುರುವಾಗುವವರೆಗೂ ಸ್ಟೂಲ್ ಮೇಲೆ ಕೂತಿದ್ದರು. ಆಮೇಲೆ ನನ್ನ ಫೋನ್ ಇಸ್ಕೊಂಡು, ಒಂದು ಗಂಟೆ ಮಲಗು ಹೋಗು ಅಂದರು. ಹುಡುಗಿ ಆರನೇ ದಿನ ಮನೆಗೆ ಹೋದಳು. ನನ್ನ ಕಾನ್ಫಿಡೆನ್ಸ್ ಅನ್ನೋದು ಏನಾದರೂ ಇದ್ದರೆ ಆ ಸ್ಟೂಲಿನ ಹತ್ತಿರ ಹುಟ್ಟಿದ್ದು.

ಡ್ಯೂಟಿ ರೂಮಿನ ಬಾಗಿಲ ಹಿಂದೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ ಪೋಸ್ಟರ್ ಇತ್ತು. 14416. ಎಷ್ಟೋ ರೋಗಿಗಳ ಚೀಟಿಯ ಮೇಲೆ ಆ ನಂಬರ್ ನಾನೇ ಬರೆದುಕೊಟ್ಟಿದ್ದೇನೆ. ಮೂರು ವರ್ಷದಲ್ಲಿ ಒಮ್ಮೆಯೂ ನಾನು ಅದಕ್ಕೆ ಮಾಡಲಿಲ್ಲ. ಮಾಡಬೇಕಾದ ರಾತ್ರಿಗಳು ಇರಲಿಲ್ಲ ಅಂತಲ್ಲ.

ಇನ್ನೂ ಒಂದಿದೆ. ಥರ್ಡ್ ಇಯರ್‌ಗೆ ಬಂದ ಮೇಲೆ ಒಬ್ಬ ಜೂನಿಯರ್‌ಗೆ ನಾನೂ ‘ಇಷ್ಟೂ ಗೊತ್ತಿಲ್ವಾ’ ಅಂದಿದ್ದೇನೆ. ಅವನ ಮುಖ ನೋಡಿ ನಾಲಿಗೆ ಕಚ್ಚಿಕೊಂಡೆ. ಇದನ್ನು ಅತ್ತೆಗೆ ಹೇಳಲಿಲ್ಲ.

ಮಜ್ಜಿಗೆ ಬರುವ ಹೊತ್ತಿಗೆ ಫೋನ್ ಬಂತು. ಫಸ್ಟ್ ಇಯರ್‌ನವಳು. ‘ಸಾರಿ ಮ್ಯಾಮ್, ಸಣ್ಣ ಡೌಟು...’ ಎಡಗೈಯಲ್ಲಿ ಹಿಡಿದು, ಅವಳು ಅಂದುಕೊಂಡಿದ್ದನ್ನೇ ಅವಳ ಬಾಯಲ್ಲಿ ಹೇಳಿಸಿ, ‘ಸರಿ ಇದೆ, ಹಾಕು’ ಅಂದೆ.

ಅತ್ತೆ ಮಗನ ಮೊಣಕೈ ತಿವಿದರು. ‘ನೋಡು, ಊಟಕ್ಕೆ ಕೂತಾಗಲೂ ಕೆಲಸ. ಮೋಟಿವೇಶನ್ ಅಂದ್ರೆ ಇದು.’